ನೇತ್ರಾವತಿಯಲ್ಲಿ ಇಳಿದ ಸ್ಪಿಟ್‌ಫೈರ್

ಮಗಳು ಮೂರು ತಿಂಗಳು ಕೂತು ಮಾಡಿದ್ದನ್ನು ನಾನು ಶುಕ್ರವಾರ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ಎರಡೇ ನಿಮಿಷದಲ್ಲಿ ಹಾಳು ಮಾಡಿದೆ.

ಅಶ್ಮಿತಾ ಒಂಬತ್ತನೇ ಕ್ಲಾಸು. ಅವಳಿಗೆ ವಿಮಾನದ ಮಾದರಿ ಮಾಡುವ ಹುಚ್ಚು. ಈ ಸಲದ್ದು ಸ್ಪಿಟ್‌ಫೈರ್, ಪ್ರೊಪೆಲ್ಲರ್ ತಿರುಗಿಸಿ ಹಾರುವ ಹಳೇ ಕಾಲದ ಯುದ್ಧವಿಮಾನ. ಆದರೆ ಪೆಟ್ಟಿಗೆಯ ಮೇಲಿನ ಚಿತ್ರದ ಹಾಗಲ್ಲ. ಗನ್ನುಗಳನ್ನು ಕೊಯ್ದು ತೆಗೆದಿದ್ದಳು. ಚಕ್ರಗಳ ಜಾಗದಲ್ಲಿ ನೀರಿನ ಮೇಲೆ ತೇಲಲು ಎರಡು ಪುಟ್ಟ ದೋಣಿಗಳನ್ನು ಕೂರಿಸಿದ್ದಳು. ಅರವತ್ತರ ದಶಕದಲ್ಲಿ ಇಂಥದ್ದೊಂದು ನಮ್ಮ ಜೆಪ್ಪುವಿನ ಹತ್ತಿರ ನೇತ್ರಾವತಿಯಲ್ಲಿ ಇಳಿಯುತ್ತಿದ್ದರೆ, ಕಡಲಲ್ಲಿ ದಾರಿ ತಪ್ಪಿದ ಮೀನುಗಾರರನ್ನು ಹುಡುಕಲು ಹೋಗುತ್ತಿದ್ದರೆ ಹೇಗಿರುತ್ತಿತ್ತು ಎಂಬುದು ಅವಳ ಕಲ್ಪನೆ. ಮಾದರಿ ಮಾಡುವವರು ಇದನ್ನು ‘ವಾಟ್ ಇಫ್’ ಎನ್ನುತ್ತಾರಂತೆ. ನಡೆಯದೇ ಇದ್ದದ್ದಕ್ಕೆ ಇಷ್ಟು ಕಷ್ಟಪಡಬೇಕಾ ಎಂದು ಕೇಳಿದ್ದೆ. ನಡೆದದ್ದನ್ನು ಎಲ್ಲರೂ ಮಾಡ್ತಾರಲ್ಲ ಅಂದಿದ್ದಳು. ಭಾನುವಾರ ಇಂಥ ಮಾದರಿಗಳ ಪ್ರದರ್ಶನವಿತ್ತು.

ಪೈಲಟ್ ಕೂರುವಲ್ಲಿನ ಪಾರದರ್ಶಕ ಮುಚ್ಚಳ ಅಲುಗಾಡುತ್ತಿರುವುದು ಕಣ್ಣಿಗೆ ಬಿತ್ತು. ಮಗಳು ಸ್ನಾನದಲ್ಲಿದ್ದಳು. ನಾನು ಫಳ್ನೀರಿನ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವಳು. ಒಡೆದ ಅಚ್ಚುಗಳನ್ನು ದಿನವೂ ಇನ್‌ಸ್ಟಂಟ್ ಗಮ್ಮಿನಲ್ಲಿ ಅಂಟಿಸುವ ಕೈ. ಸಹಾಯವೇ ಆಗಲಿ ಎಂದು ಸುತ್ತ ನಾಲ್ಕು ಹನಿ ಬಿಟ್ಟೆ. ಗಟ್ಟಿಯಾಗಿ ಕೂತಿತು. ಬುತ್ತಿ ತುಂಬಿಸಿ ಬಂದು ನೋಡಿದರೆ ಮುಚ್ಚಳ ಒಳಗಿನಿಂದ ಗಂಜಿತಿಳಿಯ ಹಾಗೆ ಬೆಳ್ಳಗಾಗಿತ್ತು.

ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಆ ಗಮ್ಮಿನ ಆವಿ ಪ್ಲಾಸ್ಟಿಕ್ಕಿಗೆ ಹಿಡಿಯುತ್ತದೆ, ಅದಕ್ಕೇ ಬೇರೆ ಅಂಟು ತರುವವರೆಗೆ ಹಾಗೇ ಇಟ್ಟದ್ದು ಅಂದಳು. ಪೆಟ್ಟಿಗೆಯಲ್ಲಿ ಬರುವುದು ಅದೊಂದೇ ಮುಚ್ಚಳ. ಪ್ರದರ್ಶನಕ್ಕೆ ಹೋಗುವುದಿಲ್ಲ ಎಂದು ಹೇಳಿ ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ಲ್ಯಾಬಿನಲ್ಲಿ ನನ್ನ ಮುಖ ನೋಡಿಯೇ ಯಜಮಾನರಾದ ಇಸಿದೋರ್ ಸರ್ ಕೇಳಿದರು. ಹೇಳಿದೆ.

“ರಾತ್ರಿ ಹಲ್ಲು ಕಡಿಯುವವರಿಗೆ ನಾವು ಎಂತ ಮಾಡಿ ಕೊಡುದು ಮಾರಾಯ್ತಿ?”

ಪಾರದರ್ಶಕ ಹಾಳೆಯನ್ನು ಬಿಸಿ ಮಾಡಿ, ಹಲ್ಲಿನ ಅಚ್ಚಿನ ಮೇಲೆ ಇಳಿಸಿ, ಯಂತ್ರದಲ್ಲಿ ಗಾಳಿ ಎಳೆದು ಕವಚ ಮಾಡುತ್ತೇವೆ. ವಾರಕ್ಕೆ ಹತ್ತು ಮಾಡುವ ನನಗೇ ಅದು ಹೊಳೆದಿರಲಿಲ್ಲ. ನಾಳೆ ಮಧ್ಯಾಹ್ನ ಮಗಳನ್ನೂ ವಿಮಾನವನ್ನೂ ಕರೆದುಕೊಂಡು ಬಾ ಎಂದರು.

ಶನಿವಾರ ಅಶ್ಮಿತಾ ತೆಳು ಬ್ಲೇಡಿನಿಂದ ಮುಚ್ಚಳವನ್ನು ಎಬ್ಬಿಸಿದಳು. ಒಳಗಿನ ಪೈಲಟನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿರಲೇ ಇಲ್ಲ. ಉಗುರಿನಷ್ಟು ದೊಡ್ಡ ಹೆಂಗಸು. ತುರುಬು, ಸೊಂಟಕ್ಕೆ ಸಿಕ್ಕಿಸಿದ ಕೆಂಪು ಸೆರಗು.

“ಯಾರಿದು?”

“ಬಾಗಿ ಅಜ್ಜಿ. ಇಪ್ಪತ್ತು ವರ್ಷ ಇರುವಾಗ.” ತೆಗೆದ ಮುಚ್ಚಳವನ್ನು ಬೆಳಕಿಗೆ ಹಿಡಿದಳು, “ಗ್ಲಾಸು ಬೆಳ್ಳಗಾದ್ರೆ ಅಜ್ಜಿ ಕಾಣುದೇ ಇಲ್ಲ ಅಮ್ಮ. ಮತ್ತೆ ಅದರಲ್ಲಿ ಎಂತ ಉಂಟು?”

ಬಾಗಿ ನನ್ನ ಅತ್ತೆ. ಒಂಬತ್ತನೇ ವಯಸ್ಸಿಗೆ ಬೀಡಿ ಕಟ್ಟುವ ಮೊರ, ನಮ್ಮ ಕಡೆಯ ಸೂಪು, ಮಡಿಲಿಗೆ ಬಂದದ್ದು, ಬೆರಳು ಮಡಚದಂತಾಗುವವರೆಗೂ ಇಳಿಯಲಿಲ್ಲ. ನನ್ನ ಗಂಡ ಮಸ್ಕತ್ತಿನಲ್ಲಿ, ನಾನು ಲ್ಯಾಬಿನಲ್ಲಿ. ಮಗಳನ್ನು ಬೆಳೆಸಿದ್ದು ಅತ್ತೆಯೇ.

ಮುಚ್ಚಳದ ಒಳಗೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದೆ. ಮಗಳು ಅದನ್ನು ಉಜ್ಜಿ ಉಜ್ಜಿ ನುಣುಪು ಮಾಡಿದಳು. ಮೊದಲ ಹಾಳೆ ಅಚ್ಚಿನ ಮುಂತುದಿಯಲ್ಲಿ ನೆರಿಗೆಯಾಯಿತು. ಎರಡನೆಯದೂ ಹಾಗೇ. ಮೂರನೆಯದನ್ನು ಯಂತ್ರಕ್ಕೆ ಇಡದೆ ಕೈಯಲ್ಲೇ ಹಿಡಿದು ನಿಂತೆ. ಇಸಿದೋರ್ ಸರ್ ಅರ್ಧ ಊಟ ಬಿಟ್ಟು ಎದ್ದು ಬಂದರು. ವಿಮಾನಕ್ಕೆ ಬುದ್ಧಿಹಲ್ಲು ಇಲ್ಲ, ನೀನು ಯಾಕೆ ಹೆದರುದು ಎಂದು ತಮಾಷೆ ಮಾಡುತ್ತಲೇ ಅಚ್ಚನ್ನು ಒಂದಿಷ್ಟು ಎತ್ತರಿಸಿ ಕೂರಿಸಿ, ಹಾಳೆ ಬಿಸಿಯಾಗಿ ಜೋತು ಬೀಳುವವರೆಗೆ ಕಾದು, ಒಮ್ಮೆಲೇ ಇಳಿಸಿದರು. ಕತ್ತರಿಸಿ ಕೂರಿಸಿದಾಗ ಗಾಜು ಇದೆಯೋ ಇಲ್ಲವೋ ಎಂಬಂತಿತ್ತು. ಅಶ್ಮಿತಾ ನನ್ನ ತೋಳು ಹಿಡಿದುಕೊಂಡಳು. ಎಷ್ಟೋ ತಿಂಗಳ ಮೇಲೆ. ಆ ಮನುಷ್ಯನಿಗೆ ಥ್ಯಾಂಕ್ಸ್ ಎಂಬ ಒಂದು ಮಾತು ಸಾಲುವುದಿಲ್ಲ. ಅದನ್ನೂ ಅವರು ಪೂರ್ತಿ ಹೇಳಲು ಬಿಡದೆ ತಣ್ಣಗಾದ ಅನ್ನಕ್ಕೆ ಮರಳಿದರು.

ಸಂಜೆ ಅತ್ತೆ ಕನ್ನಡಕ ಹಾಕಿ ತುಂಬ ಹೊತ್ತು ಒಳಗೆ ಇಣುಕಿದರು.

“ಯಾನಾ?” ನಾನಾ ಎಂದು ತುಳುವಿನಲ್ಲಿ ಕೇಳಿದರು.

ಹೌದೆಂದಳು ಮೊಮ್ಮಗಳು. ಹಿಂದೆ ಕೂರುವವರು ಯಾರು ಎಂದು ಅತ್ತೆಯ ಮುಂದಿನ ಪ್ರಶ್ನೆ. ಅಣ್ಣ, ಗಂಡ, ಮಗ, ಈಗ ನಾನು, ಯಾರಾದರೊಬ್ಬರು ಜೊತೆಗಿಲ್ಲದೆ ಅವರು ಇಲ್ಲೇ ಹತ್ತಿರದ ಪಡೀಲಿನವರೆಗೂ ಹೋದವರಲ್ಲ.

“ಯಾರೂ ಇಲ್ಲ ಅಜ್ಜಿ. ಇದ್ರಲ್ಲಿ ಒಂದೇ ಸೀಟು.”

ಅತ್ತೆ ಮತ್ತೊಮ್ಮೆ ಇಣುಕಿದರು. ಮಡಚದ ಬೆರಳಿನಿಂದ ಮೆಲ್ಲ ಪ್ರೊಪೆಲ್ಲರ್ ತಿರುಗಿಸಿದರು.

“ಒಳ್ಳೇದಾಯ್ತು,” ಎಂದರು. “ಸ್ಟಾರ್ಟ್ ಮಾಡುದು ಹೇಗೆ, ಹೇಳು.”