ಒಳಗೆ ಹೋಗಲು ಬೇಕಿದ್ದ ಒಂದು ಹೌದು

ಆಸ್ಟಿನ್ನಿನ ಕನ್ನಡಿಗರು ಈ ಕತೆಯನ್ನು ಟೇಲರ್ ಊರಿನ ಚಿಪ್ ಕಾರ್ಖಾನೆಯಿಂದ ಶುರುಮಾಡುತ್ತಾರೆ. ಹ್ಯೂಸ್ಟನ್ನಿನವರು ಹದಿನೆಂಟು ವರ್ಷ ಹಿಂದೆ ಸರಿದು, ತಮ್ಮ ಊರ ಪಕ್ಕದ ಮಿಸೌರಿ ಸಿಟಿಯ ಅಪಾರ್ಟ್‌ಮೆಂಟೊಂದರ ಬಾಗಿಲು ತಟ್ಟಿದ ಇಬ್ಬರು ಬಿಳಿ ಅಂಗಿಯ ತರುಣರಿಂದ ಹೇಳುತ್ತಾರೆ. ಎರಡನ್ನೂ ಕೂಡಿಸಿ ಹೇಳುವುದೇ ಸರಿ.

ಧಾರವಾಡದ ವಿನಾಯಕನಿಗೆ ಆಗ ಹೊಸ ದೇಶ, ಹೊಸ ಕೆಲಸ. ಹೆಂಡತಿ ಜಯದೇವಿ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದಳು. ಮಗಳು ಶೀತಲ್‌ಗೆ ಐದು ವರ್ಷ. ಮಾರ್ಮನ್ ಎಂಬ ಕ್ರೈಸ್ತ ಪಂಥವನ್ನು ಸಾರಲು ಬಂದಿದ್ದ ಆ ತರುಣರ ಹಿಂದೆಯೇ ಅವರ ಚರ್ಚಿನ ಹೆಂಗಸರು ಬಂದರು. ಆರು ವಾರ ಮನೆಗೆ ಊಟ ತಂದರು, ಮಗುವಿನ ಜಡೆ ಹೆಣೆದರು. ಇಷ್ಟು ಒಳ್ಳೆಯವರು ನಂಬಿದ್ದು ಸುಳ್ಳಾದೀತೇ ಎಂದುಕೊಂಡು ವಿನಾಯಕ ಆ ಚರ್ಚಿನ ದೀಕ್ಷೆ ಪಡೆದ. ಜಯದೇವಿ ಗುಣವಾಗಿ ಬಂದವಳು ಕೊರಳಿನ ಲಿಂಗ ತೆಗೆಯಲಿಲ್ಲ, ಬೆಳಗಿನ ಚಹಾವನ್ನೂ ಬಿಡಲಿಲ್ಲ. ಚಹಾ ಆ ಚರ್ಚಿಗೆ ನಿಷಿದ್ಧ; ಅವನು ಎರಡನ್ನೂ ಬಿಟ್ಟ.

ಅವನಲ್ಲಿ ಸಂಶಯ ಹುಟ್ಟಿಸಿದ್ದು ಯಾವ ಪರಮತದವನೂ ಅಲ್ಲ, ಆಮೇಲೆ ಟೇಲರ್‌ನ ಚಿಪ್ ಕಾರ್ಖಾನೆಯಲ್ಲಿ ಅವನು ಮಾಡುತ್ತಿದ್ದ ಕೆಲಸ. ಅಲ್ಲಿ ಕೆಲಸದ ಒಂದು ಸೂಚನೆ ಬದಲಾದರೆ ಯಾರು ಬದಲಿಸಿದರು, ಯಾವಾಗ, ಹಳೆಯದರಲ್ಲಿ ಏನು ತಪ್ಪಿತ್ತು, ಇಷ್ಟನ್ನೂ ಬರೆದು ಸಹಿ ಹಾಕಬೇಕು. ಅದೇ ಕಣ್ಣಿನಿಂದ ಅವನು ಚರ್ಚಿನ ನಾಯಕರ ಹಳೆಯ ಉಪದೇಶಗಳನ್ನು ಓದತೊಡಗಿದ. ೧೯೭೮ರವರೆಗೆ ಕಪ್ಪು ಜನರಿಗೆ ಪೌರೋಹಿತ್ಯವಿರಲಿಲ್ಲ. ಅದಕ್ಕೆ ಹಿಂದಿನವರು ಕೊಟ್ಟ ಕಾರಣಗಳನ್ನು ಚರ್ಚೇ ಈಗ ಒಪ್ಪುವುದಿಲ್ಲ. ಆ ಚರ್ಚಿನ ಅಧ್ಯಕ್ಷನೆಂದರೆ ದೇವರ ಪ್ರವಾದಿ; ಹೇಳಿದಾಗ ಅದು ಪ್ರವಾದಿಯ ಮಾತು. ಬಿಟ್ಟಮೇಲೆ ಆ ಕಾಲದ ಮನುಷ್ಯರ ಅಭಿಪ್ರಾಯ. ‘ನಾವು ತಪ್ಪಿದೆವು’ ಎಂಬ ಸಹಿಯನ್ನು ಅವನು ಹುಡುಕಿದ. ಅವನ ಕಣ್ಣಿಗೆ ಬೀಳಲಿಲ್ಲ. ಹಾಗಾದರೆ ಇಂದು ಪ್ರವಾದಿ ಹೇಳುತ್ತಿರುವುದರಲ್ಲಿ ನಾಳೆ ಅಭಿಪ್ರಾಯವಾಗುವುದು ಯಾವುದು?

ಇದನ್ನು ಯಾರಿಗೂ ಹೇಳದೆ ಮೂರು ವರ್ಷ ಕಳೆದ. ಅಷ್ಟರಲ್ಲಿ ಅಪ್ಪನ ಚರ್ಚಿನಲ್ಲೇ ಬೆಳೆದು ಈಗ ಮೆಕಿನ್ನಿಯಲ್ಲಿ ಕೆಲಸಕ್ಕಿದ್ದ ಶೀತಲ್, ಅದೇ ಚರ್ಚಿನ ಟ್ಯಾನರ್ ಎಂಬ ಹುಡುಗನನ್ನು ಮೆಚ್ಚಿದಳು. ಮದುವೆ ಡಲ್ಲಾಸ್‌ನ ಮಾರ್ಮನ್ ದೇವಾಲಯದಲ್ಲೆಂದು ನಿಶ್ಚಯವಾಯಿತು.

ಆ ದೇವಾಲಯದ ಪದ್ಧತಿ ಹೀಗೆ: ಭಾನುವಾರದ ಚರ್ಚಿಗೆ ಯಾರು ಬೇಕಾದರೂ ಹೋಗಬಹುದು, ದೇವಾಲಯದೊಳಗೆ ಮಾತ್ರ ಅನುಮತಿಚೀಟಿ ಇದ್ದವರು. ಹೆತ್ತವರಿಗೂ ಬೇರೆ ದಾರಿಯಿಲ್ಲ. ಸ್ಥಳೀಯ ಚರ್ಚಿನ ಹಿರಿಯನಾದ ಬಿಷಪ್ ಕೇಳುವ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟವರಿಗೇ ಚೀಟಿ. ಚರ್ಚಿನ ಅಧ್ಯಕ್ಷರನ್ನು ದೇವರ ಪ್ರವಾದಿಯೆಂದು ಎತ್ತಿಹಿಡಿಯುತ್ತೀರಾ ಎಂಬುದು ಅವುಗಳಲ್ಲೊಂದು. ವಿನಾಯಕನ ಚೀಟಿಯ ಅವಧಿ ಮುಗಿದಿತ್ತು.

ಕೊನೆಗೆ ಹೆಂಡತಿಯ ಮುಂದೆ ಬಾಯಿಬಿಟ್ಟ. ಜಯದೇವಿ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ಹದಿನೆಂಟು ವರ್ಷ ಚಹಾ ಬಿಟ್ಟೀರಿ. ಮಗಳ ಸಲುವಾಗಿ ಒಂದು ಹೌದು ಅನ್ನಾಕ ಏನಾತ್ರಿ?”

“ಸುಳ್ಳು ಹೇಳಿ ಒಳಗ ಹೋದ್ರ, ಆಕಿ ಮಾರಿ ಹೆಂಗ ನೋಡ್ಲಿ?”

“ಹಂಗಾದ್ರ ಇಲ್ಲ ಅನ್ರಿ. ನನ್ನ ಕೇಳಿ ದೀಕ್ಷಾ ತಗೊಂಡಿದ್ರೇನು, ಈಗ ಕೇಳಾಕ?”

ಭಾನುವಾರ ಅವನು ಬಿಷಪ್ಪನ ಎದುರು ಕೂತ. ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರಾಗಿದ್ದ ಆ ಬಿಷಪ್, ರೋಗಿಯನ್ನು ಕೇಳುವಷ್ಟೇ ಮೆತ್ತಗೆ ಕೇಳಿದ. ಪ್ರವಾದಿಯ ಪ್ರಶ್ನೆ ಬಂತು.

“ಇಲ್ಲ,” ಎಂದ ವಿನಾಯಕ. “ಅವರು ಒಳ್ಳೆಯವರಿರಬಹುದು. ದೇವರ ಪರವಾಗಿ ಮಾತಾಡುತ್ತಾರೆಂದು ನನಗೆ ಅನ್ನಿಸುವುದಿಲ್ಲ.”

ಬಿಷಪ್ ಪೆನ್ನಿನ ಮುಚ್ಚಳ ಹಾಕಿದ. “ನಿಮ್ಮ ಮಗಳ ಮದುವೆ, ವಿನಾಯಕ್. ಇನ್ನೊಂದು ವಾರ ಯೋಚಿಸಬಹುದು.”

“ಮೂರು ವರ್ಷ ಯೋಚಿಸಿದ್ದೇನೆ.”

ಕಾರಿನಲ್ಲಿ ಕೂತು ಮಗಳಿಗೆ ಫೋನ್ ಮಾಡಿದ. ಒಳಗೆ ಬರಲಾರೆ, ನನಗೆ ನಂಬಿಕೆ ಉಳಿದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ.

“ಐ ನೋ, ಅಪ್ಪ. ಎರಡು ವರ್ಷದಿಂದ ಚರ್ಚಲ್ಲಿ ಹಾಡೋವಾಗ ನೀವು ಬಾಯಿ ಮಾತ್ರ ಆಡಿಸ್ತೀರಿ.”

“ಗೊತ್ತಿದ್ದು ಸುಮ್ಮನಿದ್ದೆಯಾ?”

“ನನಗೋಸ್ಕರ ಸುಳ್ಳು ಹೇಳಿ ಒಳಗೆ ಬಂದುಬಿಡ್ತೀರಿ ಅಂತ ಭಯ ಇತ್ತು. ನನಗೆ ಅದು ಹೋಲಿ ಪ್ಲೇಸ್. ಐ ಬಿಲೀವ್ ಇಟ್. ಅಲ್ಲಿ ನಿಮ್ಮನ್ನ ನೋಡಿದ್ರೆ ಅಳು ಬಂದುಬಿಡ್ತಿತ್ತು.” ಮುಂದುವರಿದು ಕೇಳಿದಳು, “ಮತ್ತೆ ಅಮ್ಮ ಒಬ್ಬರೇ ಹೊರಗೆ ಕೂರೋದು, ಅದನ್ನ ಯೋಚನೆ ಮಾಡಿದ್ರಾ?”

ಅವನು ಮಾಡಿರಲಿಲ್ಲ. ತಾನು ಒಳಗೆ ಹೋಗುವುದೋ ಬಿಡುವುದೋ ಎಂಬ ಸಂಕಟದಲ್ಲಿ, ದೀಕ್ಷೆಯಿಲ್ಲದ ಹೆಂಡತಿ ಹೇಗಿದ್ದರೂ ಹೊರಗೇ ಎಂಬುದು ತಲೆಗೇ ಹೋಗಿರಲಿಲ್ಲ. ನಾಚಿಕೆಯಾಯಿತು, ಅದರ ಬೆನ್ನಿಗೇ, ಇನ್ನು ಅವಳು ಒಬ್ಬಳೇ ಕೂರಬೇಕಿಲ್ಲವಲ್ಲ ಎಂದು ಎದೆ ಹಗುರಾಗಿ ನಗು ಬಂತು. ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಭುಜಗಳು ತಾವೇ ಇಳಿದವು.

ಮದುವೆಯ ದಿನ ದೇವಾಲಯದ ಹೊರಗಿನ ನೆರಳಿನಲ್ಲಿ ಇಬ್ಬರೂ ಕೂತರು. ಪಕ್ಕದ ಬೆಂಚಿನಲ್ಲಿದ್ದ ಟ್ಯಾನರ್‌ನ ಸೋದರತ್ತೆ, ಚರ್ಚು ಬಿಟ್ಟವಳು, ಮನೆಯ ಮದುವೆಗಳಲ್ಲಿ ಮೂರನೆಯ ಬಾರಿ ಹೀಗೆ ಹೊರಗೆ ಕೂರುತ್ತಿರುವುದಾಗಿ ಹೇಳಿ, ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು.

“ಸಕ್ಕರಿ ಇಲ್ಲ ಇದಕ್ಕ,” ಎಂದಳು ಜಯದೇವಿ ಕನ್ನಡದಲ್ಲಿ. ವಿನಾಯಕ ತನ್ನ ಪಾಲಿನದನ್ನು ಕುಡಿದು ಮುಗಿಸಿ, ಅವಳದನ್ನೂ ಇಸಿದುಕೊಂಡ.

ಬಾಗಿಲು ತೆರೆಯಿತು. ಚೀಟಿಯಿದ್ದ ಬಂಧುಗಳು ಮದುಮಕ್ಕಳ ಬೆನ್ನ ಹಿಂದಿದ್ದರು. ಬಿಸಿಲಿಗೆ ಕಣ್ಣು ಕಿರಿದುಮಾಡಿ ಹೊರಬಂದ ಶೀತಲ್‌ಳ ಮುಖವನ್ನು ಮೊದಲು ಕಂಡವರು ಹೊರಗೆ ಕೂತವರೇ. ಅವಳು ಅಪ್ಪನನ್ನು ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.