ಹೊಗಳಿದ ಮೇಲೆ ಕೈ ಯಾಕೆ ನಿಧಾನವಾಯ್ತು?

ಹೊಸಬರಿಗೆ ಕೆಲಸ ಕಲಿಸುವುದು ಸುಲಭದ ಮಾತಲ್ಲ. ಬೈದರೆ ಮುನಿಸಿಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತು. ಹೊಗಳಿದರೂ ಎಡವಟ್ಟಾಗಬಹುದೆಂದು ಚೀಲ ಹೊಲಿಯುವ ಕಾರ್ಖಾನೆಯ ಈ ಸೂಪರ್‌ವೈಸರಿಗೆ ಮಾತ್ರ ಗೊತ್ತಿರಲಿಲ್ಲ.

ದೂರದೇಶದಿಂದ ಬಂದ ಒಬ್ಬ ಹೆಂಗಸು ಅವನ ಲೈನಿಗೆ ಸೇರಿದ್ದಳು. ಅವಳಿಗೆ ಹೊಲಿಗೆ ಕಲಿಸಿದವರು ಪಕ್ಕದ ಮಿಷಿನ್ನಿನ ಟೈಲರಮ್ಮ, ಇಪ್ಪತ್ತು ವರ್ಷದ ಅನುಭವಸ್ಥೆ. ಎರಡೇ ವಾರದಲ್ಲಿ ಹೊಸಬಳ ಕೈ ಪಳಗಿತು. ಸೂಪರ್‌ವೈಸರಿಗೆ ಹಿಗ್ಗು ತಡೆಯಲಾಗಲಿಲ್ಲ. ಅವಳು ಹೊಲಿದ ಚೀಲ ಎತ್ತಿ ಹಿಡಿದು, "ನೋಡ್ರಪ್ಪಾ, ಇಪ್ಪತ್ತು ವರ್ಷ ಹೊಲಿದೋರಿಗೂ ಹೀಗೆ ಬರಲ್ಲ" ಎಂದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದ.

ಮರುದಿನದಿಂದ ಅವಳ ಕೈ ನಿಧಾನವಾಯಿತು. ದಿನಕ್ಕೆ ಐವತ್ತು ಚೀಲ ಹೊಲಿಯುತ್ತಿದ್ದವಳು ಮೂವತ್ತಕ್ಕೆ ಇಳಿದಳು. ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಶನಿವಾರಕ್ಕೆ ಅವಳ ಪರೀಕ್ಷಾ ಅವಧಿ ಮುಗಿಯುತ್ತಿತ್ತು. ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ಇವನೇ ಬರೆದುಕೊಡಬೇಕು. ಅವಳ ಮಗಳು ಆಗಷ್ಟೇ ಇಲ್ಲಿನ ಶಾಲೆಗೆ ಸೇರಿದ್ದಳು. ಕೆಲಸ ಹೋದರೆ ತಾಯಿ ಮಗಳಿಬ್ಬರೂ ಊರಿಗೆ ಮರಳಬೇಕು.

ಶುಕ್ರವಾರ ಸಂಜೆ ಅವನು ಮನೆಯಲ್ಲಿ ಆ ಕಾಗದ ಹಿಡಿದು ಕೂತಿದ್ದಾಗ ಅವನ ಅತ್ತಿಗೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದರು. ಬೇರೆ ಬೇರೆ ದೇಶದ ನರ್ಸ್‌ಗಳಿಗೆ ಕೆಲಸ ಕಲಿಸಿ ಪಳಗಿದವರು.

"ಏನಪ್ಪಾ, ಮುಖ ಸಪ್ಪಗಿದೆ?"

"ಹೊಗಳಿದ್ದೇ ತಪ್ಪಾಯ್ತು ಅತ್ತಿಗೆ. ಅವಳಿಗೆ ಕಣ್ಣು ನೆತ್ತಿಗೇರಿದೆ. ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದ್ನಂತೆ."

"ಊಟಕ್ಕೆ ಯಾರ ಜೊತೆ ಕೂರ್ತಾಳೆ?"

"ಮೊದ್ಲು ಟೈಲರಮ್ಮನ ಜೊತೆ ಕೂರ್ತಿದ್ಲು. ಈಗ ಒಬ್ಳೇ."

"ಇದು ಸೊಕ್ಕಿನ ಲಕ್ಷಣ ಅಲ್ಲಪ್ಪ. ಏನಾಯ್ತು ಅಂತ ಕೇಳಿದ್ಯಾ?"

"ಲೈನಲ್ಲೇ ಕೇಳ್ದೆ, ಎಲ್ಲರೆದುರಿಗೆ."

"ಹೊಗಳಿದ್ದೂ ಎಲ್ಲರೆದುರಿಗೆ, ಕೇಳಿದ್ದೂ ಎಲ್ಲರೆದುರಿಗೆ. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸೋದು ಅಂತ ನಮ್ಮಲ್ಲೇ ಮಾತಿಲ್ವಾ?"

"ಹಾಗಾದ್ರೆ ಅವ್ರ ದೇಶದೋರಿಗೆ ಹೊಗಳಿಕೆ ಆಗಿಬರಲ್ಲ ಅನ್ನಿ."

"ಹಾಗೂ ತೀರ್ಮಾನ ಮಾಡ್ಬೇಡ. ನನ್ನ ವಾರ್ಡಲ್ಲಿ ಅದೇ ದೇಶದವಳು ಒಬ್ಳಿದ್ದಾಳೆ, ದಿನಕ್ಕೊಂದು ಸಲ ಹೊಗಳದಿದ್ರೆ ಮುಖ ಊದಿಸ್ತಾಳೆ. ಇವಳನ್ನ ಒಬ್ಳನ್ನೇ ಕರೆದು, ನಿಮ್ಮ ಕಡೆ ಕೆಲಸ ಹೇಗೆ ಕಲಿಸ್ತಾರೆ ಅಂತ ಕೇಳು. ಕೇಳಿದ್ಮೇಲೆ ಸುಮ್ನಿರು. ನಿಂಗೆ ಅದೇ ಕಷ್ಟ."

ಶನಿವಾರ ಬೆಳಿಗ್ಗೆ, ಮಿಷಿನ್ನುಗಳು ಶುರುವಾಗುವ ಮೊದಲು, ಅವನು ಹಾಗೇ ಕೇಳಿದ. ತುಟಿ ಬಿಗಿಹಿಡಿದು ಕಾದ. ತುಂಬಾ ಹೊತ್ತಾದ ಮೇಲೆ ಅವಳು ಬಾಯಿಬಿಟ್ಟಳು.

"ನಂಗೆ ಕಲ್ಸಿದ್ದು ಟೈಲರಮ್ಮ. ನೀವು ಅವ್ರಿಗಿಂತ ನನ್ನ ದೊಡ್ಡೋಳು ಮಾಡಿದ್ರಿ. ಅವ್ರ ಮುಖ ಬಾಡಿದ್ದು ನಾನು ನೋಡ್ದೆ. ಕಲ್ಸಿದೋರನ್ನ ಸಣ್ಣೋರು ಮಾಡಿ ಅವ್ರ ಪಕ್ಕ ಹೇಗೆ ಊಟಕ್ಕೆ ಕೂರ್ಲಿ ಸಾರ್? ಅದಕ್ಕೇ ನಿಧಾನ ಮಾಡ್ದೆ."

"ನಾನೇನು ಮಾಡ್ಲಿ, ನೀವೇ ಹೇಳಿ."

"ಹೊಲಿಗೆ ಚೆನ್ನಾಗಿದ್ರೆ ಟೈಲರಮ್ಮಂಗೆ ಹೇಳಿ."

ಅವನು ನೇರವಾಗಿ ಟೈಲರಮ್ಮನ ಹತ್ತಿರ ಹೋದ. "ನಿಮ್ಮ ಪಾಠ ಗಟ್ಟಿ, ಅದಕ್ಕೇ ಅವಳ ಹೊಲಿಗೆ ಚೆನ್ನಾಗಿದೆ. ಅವತ್ತು ನಿಮ್ಮನ್ನ ನೋಯಿಸಿದೆ, ತಪ್ಪಾಯ್ತು."

"ಈಗ್ಲಾದ್ರೂ ಗೊತ್ತಾಯ್ತಲ್ಲ" ಎಂದರು ಟೈಲರಮ್ಮ. ಮಧ್ಯಾಹ್ನ ತಾವೇ ಹೋಗಿ ಅವಳನ್ನು ಊಟಕ್ಕೆ ಕರೆದರು. ಸಂಜೆಗೆ ಅವಳ ಚೀಲ ಮತ್ತೆ ಐವತ್ತಾಯಿತು. ಅವನು "ಕೆಲಸಕ್ಕೆ ಇಟ್ಟುಕೊಳ್ಳಿ" ಎಂದು ಬರೆದು ಸಹಿ ಹಾಕಿದ.

ಮನೆಗೆ ಬಂದವನ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ. "ಹೋದ ವರ್ಷ ಒಬ್ಬ ಹೊಸಬ ಇದ್ದ ಅತ್ತಿಗೆ. ಅವನೂ ಹೊಗಳಿದ ಮರುದಿನವೇ ನಿಧಾನವಾದ. ಸೊಕ್ಕಿನವನು ಅಂತ ಬರೆದು ಕಳಿಸ್ಬಿಟ್ಟೆ. ಒಂದು ಮಾತು ಕೇಳಲಿಲ್ಲ."



ಕೆಲಸ ಕಲಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಲೈನಿನಲ್ಲೂ ದೂರದಿಂದ ಬಂದವರು ಇದ್ದಾರು. ಅವರ ನಡತೆಗೆ ನೀವೇ ಅರ್ಥ ಕಟ್ಟುವ ಮೊದಲು, ಒಬ್ಬರನ್ನೇ ಕರೆದು ಒಂದು ಮಾತು ಕೇಳಿ. ಉತ್ತರ ಬರುವ ತನಕ ಕಾಯಿರಿ. ಕಳಿಸಿದ ಮೇಲೆ ಕೇಳೋಣವೆಂದರೆ ಅವರು ಸಿಗುವುದಿಲ್ಲ.