ಮೊಣಕೈಯ ಎತ್ತರ

"ಮಕ್ಕಳೇ, ಇವನನ್ನ ಸರಿಯಾಗಿ ನೋಡಿ. ಏಳನೇ ಕ್ಲಾಸಿಗೇ ಪುಸ್ತಕಕ್ಕೆ ಕೈಮುಗಿದ ಮಹಾನುಭಾವ. ಓದದೇ ಹೋದ್ರೆ ನೀವೂ ಹೀಗೇ, ಕಂಡವರ ಕಾಲಬುಡದಲ್ಲಿ ಟೇಪು ಹಿಡ್ಕೊಂಡು ಕೂತಿರ್ತೀರ!"

ಲ್ಯಾಪ್‌ಟಾಪಿನ ಪುಟ್ಟ ಪುಟ್ಟ ಚೌಕಗಳಲ್ಲಿ ನಲವತ್ತು ಮಕ್ಕಳು ಕಿಸಕ್ಕನೆ ನಕ್ಕರು. ಹಾಗಂದ ಮೇಷ್ಟ್ರು, ಅವನ ಅಣ್ಣ, ತಾನೂ ನಕ್ಕ. ನೆಲದಿಂದ, ಕುರ್ಚಿಯಲ್ಲಿ ಕೂತ ಅಣ್ಣನ ಮೊಣಕೈವರೆಗೆ ಟೇಪು ಹಿಡಿದಿದ್ದ ತಮ್ಮನ ಕಿವಿ ಕಾದ ಹೆಂಚಾಯಿತು. ಎದ್ದು ಮಹಡಿ ಹತ್ತಿದ.

ಅವನು ಬಡಗಿ. ರೋಗ ಬಂದು ಶಾಲೆಗಳೆಲ್ಲ ಮುಚ್ಚಿ ಹತ್ತು ದಿನವಾಗಿತ್ತು. ಅಣ್ಣ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಬಗ್ಗಿ ಬಗ್ಗಿ ಪಾಠ ಮಾಡಿ "ಅಯ್ಯೋ ಕತ್ತು" ಎಂದು ನರಳುತ್ತಿದ್ದ. ಪಾಪ, ಒಂದು ಮೇಜು ಮಾಡಿಕೊಡೋಣ ಅಂತ ಇವನೇ ಹೊರಟದ್ದು. ಕೆಲಸ ಕಲಿಸಿದ ಗುರು ಹೇಳಿದ್ದರು, ಅಳೀತೀನಿ ಅಂದರೆ ಸಾಕು, ಎಂಥವರೂ ಬೆನ್ನು ನೆಟ್ಟಗೆ ಮಾಡಿಬಿಡ್ತಾರೆ. ಅವರು ಕೆಲಸದಲ್ಲಿ ಮುಳುಗಿದ್ದಾಗ ಅಳತೆ ತಗೋ ಅಂತ. ಅದಕ್ಕೇ ಪಾಠದ ನಡುವೆ ಸದ್ದಿಲ್ಲದೆ ಹೋಗಿ ಕೂತಿದ್ದ. ಒಳ್ಳೇದು ಮಾಡಲು ಹೋಗಿ ಉಗಿಸಿಕೊಂಡು ಬಂದ.

ಬೇರೆ ದಿನವಾಗಿದ್ದರೆ ಬಾಗಿಲು ದಢಾರನೆ ಎಳೆದುಕೊಂಡು ಕಾರ್ಖಾನೆಗೆ ಹೋಗಿಬಿಡುತ್ತಿದ್ದ. ಈಗ ಕಾರ್ಖಾನೆಗೆ ಬೀಗ, ಬೀದಿಗೆ ಪೊಲೀಸರು. ಎರಡು ಕೋಣೆ, ಮೇಲೆ ಬಯಲು ಮಹಡಿ, ಐದು ಜನ. ಸಿಟ್ಟು ಮಾಡಿಕೊಂಡವನಿಗೂ ಊಟಕ್ಕೆ ಅಲ್ಲೇ ಕೂರಬೇಕಾದ ಕಾಲ.

"ತಮಾಷೆಗೆ ಅಂದಿದ್ದು ಕಣೋ, ಮನಸ್ಸಿಗೆ ಹಚ್ಕೋಬೇಡ" ಎಂದರು ಅಮ್ಮ.

"ತಮಾಷೆಯಾಗಿದ್ರೆ ನನಗೂ ನಗು ಬರ್ತಿತ್ತಮ್ಮ. ನಲವತ್ತು ಮಕ್ಕಳ ಮುಂದೆ ಅಂದಿದ್ದಾನೆ. ಅದೇ ನಲವತ್ತು ಮಕ್ಕಳ ಮುಂದೆ ತಪ್ಪಾಯ್ತು ಅನ್ಲಿ. ಅಲ್ಲೀವರೆಗೂ ಅವನ ಜೊತೆ ನನಗೆ ಮಾತಿಲ್ಲ."

"ಅಂಗೈಯಗಲ ಮನೇಲಿ ಮಾತು ಬಿಟ್ರೆ ಹೇಗಪ್ಪಾ?"

ಹೇಗೋ ನಡೆಯಿತು. ಬಚ್ಚಲಿನಿಂದ ಬೇಗ ಬಾ ಅನ್ನುವುದಕ್ಕೂ ಅಣ್ಣನ ಮಗಳೇ ದೂತಿ. "ಅಪ್ಪಾ, ಚಿಕ್ಕಪ್ಪ ಕೇಳ್ತಿದ್ದಾರೆ, ಒಳಗೇ ಸಂಸಾರ ಹೂಡಿದ್ದೀಯಾ ಅಂತ." ಆ ಮಾತಿಗೆ ಇಡೀ ಮನೆ ನಕ್ಕಿತು, ಅವರಿಬ್ಬರನ್ನು ಬಿಟ್ಟು.

ಮೇಜಿನ ಕೆಲಸವನ್ನು ಮಾತ್ರ ಅವನು ಬಿಡಲಿಲ್ಲ. ಸಿಟ್ಟು ಅಣ್ಣನ ಮೇಲೆ, ಮರದ ಮೇಲಲ್ಲ. ಮನೆಯಲ್ಲಿದ್ದ ಹಲಗೆಗಳನ್ನೇ ಮಹಡಿಗೆ ಹೊತ್ತು, ಕೊಯ್ದು, ಕನ್ನಡಿಯಂತೆ ಉಜ್ಜಿದ. ಐದನೆಯ ದಿನ ಬೆಳಿಗ್ಗೆ ಮೇಜನ್ನು ತಂದು ಕಿಟಕಿಯ ಪಕ್ಕ ಇಟ್ಟು ಗೋಡೆಗೊರಗಿ ನಿಂತ.

ಮೇಜು ನೋಡಲು ಮನೆಯವರೆಲ್ಲ ಸುತ್ತ ನೆರೆದರು. ಪಾಠ ಶುರುವಾಯಿತು. ಅಣ್ಣ ಮೇಜಿನ ಮೇಲೆ ಕೈಯೂರಿದ. ಭುಜಗಳೆರಡೂ ಕಿವಿಗೆ ತಾಗುವಂತಾದವು. ಮಗಳು, "ಅಪ್ಪ ಆಮೆ ಥರ ಕಾಣ್ತಾನೆ" ಎಂದಳು.

ಬಡಗಿಗೆ ತಕ್ಷಣ ಹೊಳೆಯಿತು: ಅಳತೆ ತೆಗೆದ ದಿನ ಅಣ್ಣ ಪರದೆಯಲ್ಲಿ ಎತ್ತರ ಕಾಣಲೆಂದು ದಿಂಬಿನ ಮೇಲೆ ಕೂತಿದ್ದ. ಮೇಜು ಬಂತಲ್ಲ ಎಂದು ಅತ್ತಿಗೆ ಇಂದು ದಿಂಬು ಎಳೆದುಕೊಂಡು ಹೋಗಿದ್ದರು. ಸಿಟ್ಟಿನ ಭರದಲ್ಲಿ ದಿಂಬಿನ ದಪ್ಪ ಕಳೆಯುವುದೇ ಮರೆತುಹೋಗಿತ್ತು. ಇಷ್ಟು ವರ್ಷಗಳಲ್ಲಿ ಇಂಥ ತಪ್ಪು ಅವನ ಕೈಯಲ್ಲಿ ಆಗಿರಲಿಲ್ಲ.

ಟೇಪು ತೆಗೆದು ಮತ್ತೆ ಅದೇ ಕುರ್ಚಿಯ ಬುಡದಲ್ಲಿ ಕೂತ. ನಲವತ್ತು ಚೌಕಗಳೂ ಇವನನ್ನೇ ನೋಡಿದವು. ಯಾವುದೋ ಚೌಕದಿಂದ ಒಂದು ದನಿ, "ಸಾರ್, ಟೇಪ್ ಅಂಕಲ್ ಮತ್ತೆ ಬಂದ್ರು!" ಎಂದಿತು.

ಅಣ್ಣನ ಮುಖ ಕೆಂಪಾಯಿತು. ಮಕ್ಕಳಿಗೆ ಕೇಳಿಸದಂತೆ ಮೈಕ್ ಆಫ್ ಮಾಡಿದ.

"ತಪ್ಪಾಯ್ತು ಕಣೋ" ಎಂದ ಮೆಲ್ಲಗೆ. "ಅವತ್ತು ಬಾಯಿ ಜಾರ್ತು. ಮೇಜು ತುಂಬಾ ಚೆನ್ನಾಗಿದೆ."

ತಮ್ಮ ತಲೆಯೆತ್ತಿದ. ಬೆರಳಿನಿಂದ ಪರದೆಯ ಮೇಲಿನ ಮೈಕಿನ ಗುರುತು ತೋರಿಸಿದ.

ಅಣ್ಣ ಅದನ್ನು ನೋಡಿದ, ಮಕ್ಕಳನ್ನು ನೋಡಿದ. ಕೈ ಮುಂದಕ್ಕೆ ಹೋಗಿ ಅರ್ಧದಲ್ಲೇ ನಿಂತಿತು.

"ಅವರ ಮುಂದೆ ಹೇಗೋ? ನಾನು ಮೇಷ್ಟ್ರು ಕಣೋ, ನಾಳೆ ನನ್ನ ಮಾತು ಕೇಳ್ತಾರಾ? ಮನೆಯವರೆಲ್ಲರ ಮುಂದೆ ಹೇಳಿದ್ನಲ್ಲಪ್ಪ, ಸಾಲದಾ?"

ತಮ್ಮ ಟೇಪು ಸುತ್ತಿ ಜೇಬಿಗಿಟ್ಟು ಎದ್ದ.

"ಏಯ್, ಮೇಜು? ಕಾಲು ಕತ್ತರಿಸಿ ಕೊಡಲ್ವಾ?"

ಅವನು ಆಗಲೇ ಮಹಡಿಯ ಮೆಟ್ಟಿಲು ಹತ್ತುತ್ತಿದ್ದ, ಒಂದೊಂದೇ, ಅವಸರವಿಲ್ಲದೆ.